ಎಂಟನೇ ತರಗತಿಗೆ ಕಣ್ಣು ಕಾಣದ ಹುಡುಗಿ ಸೇರಿದ್ದಾಳೆ, ನಾನು ಏನೇನು ಸಿದ್ಧ ಮಾಡಿಕೊಳ್ಳಬೇಕು?

ಗಣಿತ ಮೇಷ್ಟ್ರು · ಜೂನ್ 12

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಈ ವರ್ಷ ಎಂಟನೇ ತರಗತಿಗೆ ಪಕ್ಕದ ಹಳ್ಳಿಯ ಹುಡುಗಿಯೊಬ್ಬಳು ಸೇರಿದ್ದಾಳೆ. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಏಳನೇ ತರಗತಿವರೆಗೆ ದೂರದ ಅಂಧ ಮಕ್ಕಳ ವಸತಿ ಶಾಲೆಯಲ್ಲಿದ್ದಳು. ಬ್ರೈಲ್ ಸರಾಗವಾಗಿ ಓದುತ್ತಾಳೆ, ಬರೆಯುತ್ತಾಳೆ. ಮನೆಯವರ ಜೊತೆ ಇರಬೇಕು ಅಂತ ಅವಳಿಗೇ ಆಸೆಯಾಗಿ ಊರಿಗೆ ಬಂದಿದ್ದಾಳೆ.

ಶಾಲೆಗೆ ಬಂದ ಮೂರನೇ ದಿನ ಬೋರ್ಡಿನ ಮೇಲೆ ಒಂದು ಸಮೀಕರಣ ಬರೆದೆ. "ಇದನ್ನು ಈ ಕಡೆ ತಂದರೆ ಇದರ ಚಿಹ್ನೆ ಬದಲಾಗುತ್ತೆ, ಆಮೇಲೆ ಇದರಿಂದ ಇದನ್ನು ಭಾಗಿಸಿ" ಅಂದೆ. ಅವಳು ಕೈ ಎತ್ತಿ, "ಸರ್, ಇದು ಅಂದರೆ ಯಾವುದು?" ಅಂತ ಕೇಳಿದಳು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಹದಿನಾಲ್ಕು ವರ್ಷದಿಂದ ಬೆರಳು ತೋರಿಸಿಕೊಂಡೇ ಪಾಠ ಮಾಡಿದ್ದೇನೆ ಅಂತ ಅವತ್ತು ಗೊತ್ತಾಯಿತು.

ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಳ್ಳೆಯವರೇ. ಆದರೆ "ಪಾಪ, ಸುಮ್ನೆ ಕೂತು ಕೇಳಿಸಿಕೊಳ್ಳಲಿ, ಹೇಗೋ ಪಾಸ್ ಆಗುತ್ತಾಳೆ" ಅನ್ನುವ ಮಾತು ಬಂತು. ಆಟದ ಪೀರಿಯಡ್‌ನಲ್ಲಿ ಬಿದ್ದು ಪೆಟ್ಟು ಮಾಡಿಕೊಂಡಾಳು ಅಂತ ಅವಳನ್ನು ಕ್ಲಾಸಿನಲ್ಲೇ ಕೂರಿಸುತ್ತಿದ್ದಾರೆ. ನನಗೆ ಇದು ಸರಿ ಅನ್ನಿಸುತ್ತಿಲ್ಲ. ಬಾಯಿಲೆಕ್ಕದಲ್ಲಿ ಇಡೀ ಕ್ಲಾಸಿಗಿಂತ ಅವಳೇ ಚುರುಕು.

ರೇಖಾಗಣಿತ ಹೇಗೆ ಹೇಳಿಕೊಡುವುದು? ಉಳಿದ ಮಕ್ಕಳಿಗೆ ಏನು ಹೇಳಬೇಕು? ಪರೀಕ್ಷೆ ಹೇಗೆ? ಅನುಭವ ಇರುವವರು ದಯವಿಟ್ಟು ತಿಳಿಸಿ.

ಹುಬ್ಬಳ್ಳಿ ಬ್ಯಾಂಕಿನವ · ಜೂನ್ 12

ಮೇಷ್ಟ್ರೇ, ನಾನು ಕಣ್ಣು ಕಾಣದವನು. ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಪತ್ರವನ್ನು ನನ್ನ ಫೋನ್ ಓದಿ ಹೇಳಿತು. "ಇದು ಅಂದರೆ ಯಾವುದು" ಅನ್ನುವಲ್ಲಿ ನಿಲ್ಲಿಸಿ ಇನ್ನೊಂದು ಸಲ ಕೇಳಿದೆ. ಆ ಪ್ರಶ್ನೆ ನನ್ನ ಬಾಯಲ್ಲಿ ಹತ್ತು ವರ್ಷ ಇತ್ತು. ಕೇಳುವ ಧೈರ್ಯ ಇರಲಿಲ್ಲ. ನಿಮ್ಮ ಕ್ಲಾಸಿನಲ್ಲಿ ಆ ಹುಡುಗಿ ಮೂರನೇ ದಿನವೇ ಕೇಳಿದ್ದಾಳೆ. ಅಷ್ಟು ಧೈರ್ಯ ಬರುವ ಹಾಗೆ ನೀವು ಇದ್ದೀರಿ ಅಂತ ಅರ್ಥ.

ಬೋರ್ಡಿನ ವಿಷಯ ಮೊದಲು. ಬರೆಯುತ್ತಾ ಬರೆಯುತ್ತಾ ಬಾಯಲ್ಲಿ ಹೇಳಿ. "ಎರಡು ಎಕ್ಸ್, ಕೂಡಿಸು ಐದು, ಸಮ ಹದಿಮೂರು" ಅಂತ. ಆವರಣ ತೆರೆದರೆ ತೆರೆದೆ ಅನ್ನಿ, ಮುಚ್ಚಿದರೆ ಮುಚ್ಚಿದೆ ಅನ್ನಿ. ಎರಡು ವಾರದಲ್ಲಿ ರೂಢಿಯಾಗುತ್ತದೆ. ಅವಳ ಬ್ರೈಲ್ ಸ್ಲೇಟಿನಲ್ಲಿ ಬರೆಯುವುದಕ್ಕೆ ಸ್ವಲ್ಪ ಹೊತ್ತು ಬೇಕು, ಅದೊಂದು ನೆನಪಿರಲಿ. ಹಿಂದಿನಿಂದ ಚುಚ್ಚುವುದರಿಂದ ನಾವು ಬಲದಿಂದ ಎಡಕ್ಕೆ ಬರೆಯುತ್ತೇವೆ, ಹಾಳೆ ತಿರುಗಿಸಿ ಎಡದಿಂದ ಬಲಕ್ಕೆ ಓದುತ್ತೇವೆ. ಉಕ್ತಲೇಖನ ಕೊಡುವಾಗ ಅವಳ ಕಡ್ಡಿಯ ಟಕ್ ಟಕ್ ಸದ್ದು ನಿಂತ ಮೇಲೆ ಮುಂದಿನ ಸಾಲು ಹೇಳಿ.

ಲೆಕ್ಕಕ್ಕೆ ಟೇಲರ್ ಫ್ರೇಮ್ (ಗುಳಿಗಳಲ್ಲಿ ಅಚ್ಚು ನಿಲ್ಲಿಸಿ ಲೆಕ್ಕ ಮಾಡುವ ಹಲಗೆ) ಮತ್ತು ಅಬ್ಯಾಕಸ್ (ಮಣಿ ಸರಿಸಿ ಲೆಕ್ಕ ಮಾಡುವ ಚೌಕಟ್ಟು) ಇರುತ್ತವೆ. ಹಳೆಯ ಶಾಲೆಯಲ್ಲಿ ಬಳಸಿರಬಹುದು, ಅವಳನ್ನೇ ಕೇಳಿ. ಏನು ಬೇಕು, ಏನು ಬೇಡ ಅಂತ ಅವಳಿಗಿಂತ ಚೆನ್ನಾಗಿ ನಮ್ಮಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ನನಗೂ ಇಲ್ಲ.

ಇನ್ನು ಓಡಾಟ. ಯಾರೂ ಅವಳ ಕೈ ಹಿಡಿದು ಎಳೆಯಬಾರದು. "ನನ್ನ ಮೊಣಕೈ ಹಿಡಿದುಕೊಳ್ತೀಯಾ?" ಅಂತ ಕೇಳಬೇಕು. ಅವಳು ಹಿಡಿದುಕೊಂಡರೆ ಅರ್ಧ ಹೆಜ್ಜೆ ಮುಂದೆ ನಡೆಯಬೇಕು. ಬೇಡ ಅಂದರೆ ಬೇಡ. ಹತ್ತಿರ ಬಂದಾಗ ಹೆಸರು ಹೇಳಿ ಮಾತಾಡಿಸಿ, ಹೋಗುವಾಗ "ಹೋಗ್ತೀನಿ" ಅಂತ ಹೇಳಿ ಹೋಗಿ. ಎದುರಿನವರು ಎದ್ದು ಹೋದದ್ದು ಗೊತ್ತಾಗದೆ ಖಾಲಿ ಬೆಂಚಿನ ಜೊತೆ ಮಾತಾಡಿದ ನೋವು ನನಗೆ ಗೊತ್ತು. "ನಾನ್ಯಾರು ಹೇಳು ನೋಡೋಣ" ಅನ್ನುವ ಆಟ ಯಾರೂ ಆಡದಂತೆ ನೋಡಿಕೊಳ್ಳಿ. ಬಾಗಿಲು ಪೂರ್ತಿ ತೆಗೆದಿರಲಿ, ಇಲ್ಲ ಪೂರ್ತಿ ಮುಚ್ಚಿರಲಿ. ಅರ್ಧ ತೆರೆದ ಬಾಗಿಲು ನನ್ನ ಹಣೆಯನ್ನು ಎರಡು ಸಲ ಸೀಳಿದೆ.

ಕೊನೆಯದಾಗಿ ಒಂದು ಕೋರಿಕೆ. ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯಲ್ಲಿ ಗಣಿತದ ದಿನವೇ ಸಮಾಜಶಾಸ್ತ್ರ ಅಂತಲೂ ಇರುತ್ತದೆ, ನೋಡಿರುತ್ತೀರಿ. ನಮ್ಮಂಥವರು ಗಣಿತದ ಬದಲು ಅದನ್ನು ತೆಗೆದುಕೊಳ್ಳಬಹುದು. ಬೇಕಾದವರಿಗೆ ಅದು ಅನುಕೂಲವೇ. ಆದರೆ ನನ್ನನ್ನು ಯಾರೂ ಕೇಳಲಿಲ್ಲ. "ನಿನಗೆ ಗಣಿತ ಯಾಕೆ" ಅಂತ ಫಾರಂ ತುಂಬಿಬಿಟ್ಟರು. ನನಗೆ ಲೆಕ್ಕ ಅಂದರೆ ಪ್ರಾಣ. ಆಮೇಲೆ ವಾಣಿಜ್ಯ ಓದಲು ಪಟ್ಟ ಪಾಡು ಹೇಳತೀರದು. ಅವಳಿಗೆ ಬಾಯಿಲೆಕ್ಕ ಬರುತ್ತದೆ ಅಂದಿರಿ. ದಯವಿಟ್ಟು ಅವಳ ಕೈಯಿಂದ ಗಣಿತ ಜಾರದಂತೆ ನೋಡಿಕೊಳ್ಳಿ.

ಗದಗ ಕಡೆಯವರು · ಜೂನ್ 13

ತಪ್ಪು ತಿಳಿಯಬೇಡಿ. ಇಷ್ಟೆಲ್ಲ ಕಷ್ಟಪಡುವ ಬದಲು ವಿಶೇಷ ಶಾಲೆಯಲ್ಲೇ ಇದ್ದರೆ ಮಗುವಿಗೆ ಒಳ್ಳೆಯದಲ್ವಾ? ನಮ್ಮ ಊರಿನ ವೀರೇಶ್ವರ ಪುಣ್ಯಾಶ್ರಮ ನೋಡಿ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು, ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಅವರ ಕೈಯಲ್ಲಿ ಎಷ್ಟು ಅಂಧ ಮಕ್ಕಳು ಸಂಗೀತ ಕಲಿತು ಬದುಕು ಕಟ್ಟಿಕೊಂಡರು! ಗೊತ್ತಿರುವವರ ನಡುವೆ ಬೆಳೆದರೆ ಮಗು ನೆಮ್ಮದಿಯಾಗಿರುತ್ತದೆ ಅಂತ ನನ್ನ ಭಾವನೆ.

ಹುಬ್ಬಳ್ಳಿ ಬ್ಯಾಂಕಿನವ · ಜೂನ್ 13

ಅಣ್ಣಾ, ಗವಾಯಿಗಳ ಹೆಸರು ಕೇಳಿದರೆ ನಾನೂ ಕೈ ಮುಗಿಯುತ್ತೇನೆ. ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಬಂದಾಗ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಯಾರೂ ಕೈ ಹಿಡಿಯದ ಕಾಲದಲ್ಲಿ ಆಶ್ರಮ ಮಕ್ಕಳಿಗೆ ಅನ್ನ, ವಿದ್ಯೆ ಎರಡನ್ನೂ ಕೊಟ್ಟಿತು.

ಆದರೆ ಎಲ್ಲರಿಗೂ ರಾಗ ಒಲಿಯುವುದಿಲ್ಲ. ಕಣ್ಣು ಕಾಣುವುದಿಲ್ಲ ಅಂದ ಕೂಡಲೇ ಮನೆಗೆ ಬಂದವರೆಲ್ಲ "ಒಂದು ಹಾಡು ಹೇಳಪ್ಪಾ" ಅನ್ನುತ್ತಿದ್ದರು. ನನಗೆ ಬಡ್ಡಿ ಲೆಕ್ಕ ಹಾಕುವುದು ಇಷ್ಟ. ವಿಶೇಷ ಶಾಲೆ ಬೇಡ ಅಂತ ನಾನು ಹೇಳುವುದಿಲ್ಲ. ನಾನು ಬ್ರೈಲ್ ಕಲಿತದ್ದೇ ಅಲ್ಲಿ. ಬ್ರೈಲ್ ಬೇರು ಬಿಡುವುದಕ್ಕೆ ಅಂಥ ಶಾಲೆ ಬೇಕು. ಆದರೆ ಈ ಹುಡುಗಿ ಮನೆಯಿಂದಲೇ ಓದುತ್ತೇನೆ ಅಂದಿದ್ದಾಳೆ. ಮಾತು ಅಲ್ಲಿಂದ ಶುರುವಾಗಬೇಕು.

ಸಂಪನ್ಮೂಲ ಶಿಕ್ಷಕಿ, ಹಾಸನ · ಜೂನ್ 14

ನಾನು ಬಿಐಇಆರ್‌ಟಿ. ಅಂದರೆ ಬಿಆರ್‌ಸಿಯಲ್ಲಿ (ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರದಲ್ಲಿ) ಇದ್ದುಕೊಂಡು ಇಂಥ ಮಕ್ಕಳಿರುವ ಶಾಲೆಗಳಿಗೆ ಓಡಾಡುವ ಶಿಕ್ಷಕಿ. ಮೇಷ್ಟ್ರೇ, ನಿಮ್ಮ ತಾಲ್ಲೂಕಿನಲ್ಲೂ ನಮ್ಮಂಥವರು ಇರುತ್ತಾರೆ. ನಾಳೆಯೇ ಬಿಆರ್‌ಸಿಗೆ ಫೋನ್ ಮಾಡಿ. ಶಾಲೆಯ ದಾಖಲೆಯಲ್ಲಿ ಅವಳ ಹೆಸರಿನ ಮುಂದೆ ಅಂಗವೈಕಲ್ಯದ ವಿವರ ಸರಿಯಾಗಿ ನಮೂದಾಗಿದೆಯಾ ನೋಡಿ. ಅಲ್ಲಿ ಬಿಟ್ಟುಹೋದರೆ ಬ್ರೈಲ್ ಪುಸ್ತಕದಿಂದ ಹಿಡಿದು ಯಾವುದೂ ಬರುವುದಿಲ್ಲ. ಮೈಸೂರಿನಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯ ಇದೆ. ಬೇಡಿಕೆ ಬೇಗ ಹೋದರೆ ಪುಸ್ತಕ ಬೇಗ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅಂಗವೈಕಲ್ಯ ಇರುವ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ ಪ್ರೋತ್ಸಾಹಧನ ಇದೆ. ಚಿಕ್ಕ ಮೊತ್ತ, ಆದರೂ ಅದು ಅವಳದು.

ಯುಡಿಐಡಿ ಕಾರ್ಡ್, ಅಂದರೆ ಅಂಗವೈಕಲ್ಯದ ಗುರುತಿನ ಚೀಟಿ ಇದೆಯಾ? ಇಲ್ಲದಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಇರುತ್ತಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅರ್ಜಿ ಹಾಕಿಸುವುದಕ್ಕೆ, ಬಸ್ ಪಾಸಿಗೆ, ಪಿಂಚಣಿಗೆ ಅವರೇ ದಾರಿ ತೋರಿಸುತ್ತಾರೆ.

ಗದಗದ ಅಣ್ಣನವರಿಗೆ ಒಂದು ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇತ್ತು, ಹೊಸದರಲ್ಲಿ 21. ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಇದೆ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ಮಗುವಿನ ಕಡೆಯದು. "ನಮ್ಮಲ್ಲಿ ವ್ಯವಸ್ಥೆ ಇಲ್ಲ, ಬೇರೆ ಕಡೆ ಸೇರಿಸಿ" ಅನ್ನುವಂತಿಲ್ಲ. ವ್ಯವಸ್ಥೆ ಮಾಡಿಕೊಳ್ಳುವ ಹೊಣೆ ಶಾಲೆಯ ಮೇಲಿದೆ.

ಆಟದ ವಿಷಯ ಓದಿ ಬೇಜಾರಾಯಿತು. ಮೊದಲ ಅಂಧರ ಟಿ20 ವಿಶ್ವಕಪ್ 2012ರಲ್ಲಿ ಬೆಂಗಳೂರಿನಲ್ಲೇ ನಡೆದು ಭಾರತ ಗೆದ್ದಿತು. ನಾಯಕ ನಮ್ಮ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಆಟದ ಚೆಂಡಿನೊಳಗೆ ಗುಂಡುಗಳಿರುತ್ತವೆ, ಗಲ್ ಗಲ್ ಅಂತ ಸದ್ದು ಮಾಡುತ್ತದೆ. ನೆಲದ ಮೇಲೆ ಉರುಳಿಸಿ ಬೌಲಿಂಗ್ ಮಾಡುತ್ತಾರೆ. ಪ್ಲಾಸ್ಟಿಕ್ ಚೆಂಡಿನೊಳಗೆ ನಾಲ್ಕು ಗೆಜ್ಜೆ ತುಂಬಿ ಅಂಟಿಸಿದರೂ ಸಾಕು, ಆಟ ಶುರು ಮಾಡಬಹುದು.

ಚಿನ್ನಿಯ ಅಮ್ಮ · ಜೂನ್ 14

ಈ ಚರ್ಚೆಯಲ್ಲಿ ನಾನೂ ಸೇರಿಕೊಳ್ಳಲೇ? ನನ್ನ ಮಗಳಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ಗಾಲಿಕುರ್ಚಿ ಬಳಸುತ್ತಾಳೆ. ಮಾತು ನಿಧಾನ, ಬುದ್ಧಿ ನಿಧಾನ ಅಲ್ಲ. ಏಳನೇ ತರಗತಿ.

ಅವಳ ಹಳೆಯ ಶಾಲೆಯಲ್ಲಿ ರ‍್ಯಾಂಪ್ ಇತ್ತು. ಫೋಟೋ ತೆಗೆಸಿ ಉದ್ಘಾಟನೆಯನ್ನೂ ಮಾಡಿದ್ದರು. ಮೂರು ಮೆಟ್ಟಿಲು, ಒಟ್ಟು ಒಂದೂವರೆ ಅಡಿ ಎತ್ತರ. ರ‍್ಯಾಂಪ್ ಆರು ಅಡಿ ಉದ್ದ. ನಿಯಮದ ಪ್ರಕಾರ ಒಂದು ಅಡಿ ಏರುವುದಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಅಂದರೆ ಹದಿನೆಂಟು ಅಡಿ. ಆರು ಅಡಿಯ ಆ ಇಳಿಜಾರಿನಲ್ಲಿ ನಾನು ಒಬ್ಬಳೇ ಕುರ್ಚಿ ತಳ್ಳಲು ಆಗುತ್ತಿರಲಿಲ್ಲ. ಇಳಿಯುವಾಗ ಮಗಳು ಕಣ್ಣು ಮುಚ್ಚಿಕೊಂಡು ನನ್ನ ಸೆರಗು ಹಿಡಿದುಕೊಳ್ಳುತ್ತಿದ್ದಳು.

ಇನ್ನೊಂದು ವಿಷಯ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಬೆಳಗ್ಗೆ ತುಂಬಿಸಿ ಕೊಟ್ಟ ನೀರಿನ ಬಾಟಲಿ ಸಂಜೆ ಹಾಗೇ ವಾಪಸ್ ಬರುತ್ತಿತ್ತು. ಮರೆತಿದ್ದಾಳೆ ಅಂದುಕೊಂಡೆ. ಬೈದೂ ಇದ್ದೇನೆ. ಒಂದು ದಿನ ಜ್ವರ ಬಂತು, ಉರಿಮೂತ್ರ. ಆಗ ಹೇಳಿದಳು. ಶೌಚಾಲಯದ ಬಾಗಿಲೊಳಗೆ ಕುರ್ಚಿ ಹೋಗುವುದಿಲ್ಲ, ಆಯಾ ಎತ್ತಿಕೊಂಡು ಹೋಗುವಾಗ ಎಲ್ಲರೂ ನೋಡುತ್ತಾರೆ, ಅದಕ್ಕೆ ನೀರೇ ಕುಡಿಯುವುದಿಲ್ಲ ಅಂತ. ಎಂಟು ತಿಂಗಳು ಹಾಗೇ ಇದ್ದಳು. ಒಂಬತ್ತು ವರ್ಷದ ಮಗು.

ಈಗಿನ ಶಾಲೆ ಹಳೆಯ ಹೆಂಚಿನ ಕಟ್ಟಡ. ಹೆಡ್ ಮೇಡಂ ಮೊದಲ ದಿನ ನನ್ನ ಜೊತೆ ಮಾತಾಡುವ ಮುಂಚೆ ಮೊಣಕಾಲೂರಿ ಕೂತು ಮಗಳ ಜೊತೆ ಮಾತಾಡಿದರು. ಅವಳು ಒಂದು ವಾಕ್ಯ ಮುಗಿಸಲು ತುಂಬ ಹೊತ್ತು ಹಿಡಿಯುತ್ತದೆ. ಮಧ್ಯೆ ಬಾಯಿ ಹಾಕಲಿಲ್ಲ, ಅವಳ ಮಾತನ್ನು ತಾವು ಮುಗಿಸಲಿಲ್ಲ. ಸುಮ್ಮನೆ ಕಾದರು. "ಶೌಚಾಲಯದ ಬಾಗಿಲು ಎಷ್ಟು ಅಗಲ ಇರಬೇಕು?" ಅಂತ ಅವಳನ್ನೇ ಕೇಳಿದರು. ಬಡಗಿ ಬಂದು ಕುರ್ಚಿಯ ಅಳತೆ ತೆಗೆದುಕೊಂಡು 90 ಸೆಂಟಿಮೀಟರ್ ಜಾಗ ಬಿಟ್ಟು ಬಾಗಿಲು ಕೂರಿಸಿದ. ಒಳಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಪೈಪ್. ಏಳನೇ ತರಗತಿಯನ್ನು ಮಹಡಿಯಿಂದ ಕೆಳಗಿನ ಕೋಣೆಗೆ ತಂದರು. ಅಷ್ಟೇ ಆದದ್ದು. ಈಗ ಬಾಟಲಿ ಖಾಲಿಯಾಗಿ ಬರುತ್ತದೆ.

ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿನಿಗೆ ಶೌಚಾಲಯದ ದಾರಿ ಗೊತ್ತಿದೆಯಾ, ಒಬ್ಬಳೇ ಹೋಗಿ ಬರಲು ಆಗುತ್ತದಾ, ಯಾರಾದರೂ ಮೇಡಂ ಹತ್ತಿರ ಹೇಳಿ ಮೊದಲು ವಿಚಾರಿಸಿ.

ಗಣಿತ ಮೇಷ್ಟ್ರು · ಜೂನ್ 14

ಅಮ್ಮಾ, ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ಇದು ನನ್ನ ತಲೆಗೇ ಬಂದಿರಲಿಲ್ಲ. ನಾಳೆ ಕನ್ನಡ ಮೇಡಂ ಅವರಿಗೆ ಹೇಳುತ್ತೇನೆ.

ಮೈಸೂರು ಅಕ್ಕ · ಜೂನ್ 15

ನನ್ನ ತಮ್ಮನಿಗೆ ಕಿವಿ ಕೇಳುವುದಿಲ್ಲ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ತಪಾಸಣೆ ಆಗಿ ಶ್ರವಣ ಸಾಧನ ಹಾಕಿಸಿದೆವು. ಅದನ್ನು ಹಾಕಿದರೆ ಎಲ್ಲ ಕೇಳಿಸುತ್ತದೆ ಅಂತ ಅವನ ಟೀಚರ್‌ಗಳು ಅಂದುಕೊಂಡಿದ್ದರು. ಹಾಗಲ್ಲ. ಸಾಧನ ಎಲ್ಲ ಸದ್ದನ್ನೂ ದೊಡ್ಡದು ಮಾಡುತ್ತದೆ. ಫ್ಯಾನ್, ಬೆಂಚು ಎಳೆಯುವ ಸದ್ದು, ಶೀಟಿನ ಮೇಲೆ ಮಳೆ, ಎಲ್ಲ. ಮಳೆಗಾಲದಲ್ಲಿ ಅವನು ಸಾಧನ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಅದಕ್ಕೆ "ಹಠಮಾರಿ" ಅಂತ ಡೈರಿಯಲ್ಲಿ ಬರೆದು ಕಳಿಸಿದರು.

ಅವನು ಪಾಠ ಕೇಳುವುದು ಮುಖ ನೋಡಿ. ಬೋರ್ಡಿನ ಕಡೆ ತಿರುಗಿ ಮಾತಾಡಿದರೆ ಅವನಿಗೆ ಆ ಪಾಠ ಇಲ್ಲ. ಕಿಟಕಿಗೆ ಬೆನ್ನು ಮಾಡಿ ನಿಂತರೂ ಅಷ್ಟೇ, ಮುಖ ಕಪ್ಪಾಗಿ ಕಾಣುತ್ತದೆ. ಒಬ್ಬ ವಿಜ್ಞಾನದ ಸರ್ ಮಾತ್ರ ಬರೆಯುವುದನ್ನು ಬರೆದು ಮುಗಿಸಿ, ತಿರುಗಿ, ಆಮೇಲೆ ಮಾತಾಡುತ್ತಿದ್ದರು. ತಮ್ಮ ಇವತ್ತಿಗೂ ವಿಜ್ಞಾನದಲ್ಲೇ ಮುಂದೆ.

ಅವನ ಗೆಳೆಯರು ಅವನಿಂದಲೇ ಸನ್ನೆ ಕಲಿತರು. ಭಾರತೀಯ ಸಂಜ್ಞಾ ಭಾಷೆಗೆ ತನ್ನದೇ ವ್ಯಾಕರಣ ಇದೆ, ಅದು ಸುಮ್ನೆ ಕೈ ಆಡಿಸುವುದಲ್ಲ. ವಾರ್ಷಿಕೋತ್ಸವದಲ್ಲಿ ಅವನಿಗೆ ಬಹುಮಾನ ಬಂದಾಗ ಇಡೀ ಕ್ಲಾಸು ಚಪ್ಪಾಳೆ ತಟ್ಟಲಿಲ್ಲ. ಎರಡೂ ಕೈ ಮೇಲೆತ್ತಿ ಬೆರಳು ಬಿಡಿಸಿ ಆಡಿಸಿದರು. ಸಂಜ್ಞಾ ಭಾಷೆಯಲ್ಲಿ ಚಪ್ಪಾಳೆ ಹಾಗೆ. ವೇದಿಕೆಯ ಮೇಲಿದ್ದ ಅತಿಥಿಗಳಿಗೆ ಏನೂ ಅರ್ಥ ಆಗಲಿಲ್ಲ, ನನ್ನ ತಮ್ಮನಿಗೆ ಆಯಿತು.

ಶಿರಸಿ ಓದುಗ · ಜೂನ್ 16

ಒಂದು ಸಂದೇಹ. ಯಾವ ಪದ ಬಳಸಬೇಕು? ಅಂಗವಿಕಲ ಅನ್ನಬಾರದು ಅಂತಾರೆ. ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಹುಬ್ಬಳ್ಳಿ ಬ್ಯಾಂಕಿನವ · ಜೂನ್ 16

ನಾನು ಹೇಳುವುದು ನನ್ನ ಇಷ್ಟ ಮಾತ್ರ, ಎಲ್ಲರ ಪರವಾಗಿ ಅಲ್ಲ. "ಕಣ್ಣು ಕಾಣದವರು" ಅಂದರೆ ನನಗೆ ಸಾಕು. ಇಲಾಖೆಯ ಹೆಸರಿನಲ್ಲೇ ವಿಕಲಚೇತನ ಇದೆ, ಕಾಗದ ಪತ್ರಕ್ಕೆ ಅದು ಸರಿ. ದಿವ್ಯಾಂಗ ಅನ್ನುವುದು ನನಗೆ ಹಿಡಿಸುವುದಿಲ್ಲ. ನನ್ನ ಕಣ್ಣಿನಲ್ಲಿ ದಿವ್ಯವಾದದ್ದು ಏನೂ ಇಲ್ಲ. ನನ್ನನ್ನು ದೇವರ ಹತ್ತಿರ ಕೂರಿಸುವುದು ಬೇಡ, ಬಸ್ಸಿನಲ್ಲಿ ನಮಗೆ ಮೀಸಲಿಟ್ಟ ಸೀಟು ಬಿಟ್ಟುಕೊಟ್ಟರೆ ಆಯಿತು. ಬೇರೆಯವರಿಗೆ ಆ ಪದ ಇಷ್ಟ ಇರಬಹುದು, ಅದೂ ಸರಿಯೇ.

ಕುಂಟ, ಕುರುಡ, ಮೂಗ, ಹೆಳವ, ಇವುಗಳಂತೂ ಬಯ್ಗುಳವಾಗಿಬಿಟ್ಟಿವೆ. "ಕುರುಡನ ಹಾಗೆ ನಡೀತೀಯಲ್ಲೋ" ಅಂತ ಟೀಚರ್ ಇನ್ನೊಬ್ಬ ಹುಡುಗನಿಗೆ ಬೈದರೂ ಅದೇ ಕ್ಲಾಸಿನಲ್ಲಿ ನಾನು ಕೂತಿದ್ದೆ. ಕ್ಲಾಸಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯಿರಿ. ಬೇರೆ ಪದವೇ ಬೇಕಾಗುವುದಿಲ್ಲ.

ಮೂರನೇ ತರಗತಿ ಟೀಚರ್ · ಜೂನ್ 18

ಕಣ್ಣಿಗೆ ಕಾಣುವ ತೊಂದರೆ ಇದ್ದರೆ ಯಾರಾದರೂ ಗಮನಿಸುತ್ತಾರೆ. ಕಾಣದೇ ಇರುವುದರ ಬಗ್ಗೆಯೂ ಸ್ವಲ್ಪ ಬರೆಯುತ್ತೇನೆ. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಕಥೆ ಹೇಳು ಅಂದರೆ ಒಂದು ಗಂಟೆ ಹೇಳುತ್ತಾನೆ. ಓದು ಅಂದರೆ ಬೆವರು. ಪ, ವ, ಮ, ಷ ನಾಲ್ಕೂ ಅವನಿಗೆ ಒಂದೇ ಥರ ಕಾಣುತ್ತಿದ್ದವು. ದೀರ್ಘ ಬಿಟ್ಟುಹೋಗುತ್ತಿತ್ತು. ಒತ್ತಕ್ಷರ ಬಂದರೆ ಅಲ್ಲಿಗೇ ನಿಂತುಬಿಡುತ್ತಿದ್ದ. "ಅಕ್ಕ"ವನ್ನು "ಅಕ" ಅಂತ ಬರೆದು, ಏನೋ ತಪ್ಪಾಗಿದೆ ಅಂತ ಗೊತ್ತಾಗಿ, ಉಜ್ಜಿ ಉಜ್ಜಿ ಹಾಳೆ ತೂತು ಮಾಡುತ್ತಿದ್ದ. ಅವನನ್ನು ದಡ್ಡ ಅಂತ ಕರೆದವರಲ್ಲಿ ಮನೆಯವರೂ ಇದ್ದರು.

ನಿಮ್ಹಾನ್ಸ್‌ನಲ್ಲಿ ಪರೀಕ್ಷೆ ಮಾಡಿಸಿದಾಗ ಕಲಿಕಾ ನ್ಯೂನತೆ ಅಂತ ಗೊತ್ತಾಯಿತು. ಡಿಸ್ಲೆಕ್ಸಿಯಾ ಅನ್ನುತ್ತಾರಲ್ಲ, ಅದು. ಇದೂ ಆ 21ರ ಪಟ್ಟಿಯಲ್ಲಿದೆ. ನಾನು ಮಾಡಿದ್ದು ಇಷ್ಟೇ. ಎಲ್ಲರ ಮುಂದೆ ಗಟ್ಟಿಯಾಗಿ ಓದು ಅಂತ ಅವನನ್ನು ಎಬ್ಬಿಸುವುದು ಬಿಟ್ಟೆ. ಮರಳಿನಲ್ಲಿ ದೊಡ್ಡದಾಗಿ ಅಕ್ಷರ ತಿದ್ದಿಸಿದೆ. ಉತ್ತರವನ್ನು ಬಾಯಲ್ಲಿ ಹೇಳಿಸಿಕೊಂಡೆ. ಉಳಿದ ಮಕ್ಕಳು "ಅವನಿಗೆ ಮಾತ್ರ ಯಾಕೆ?" ಅಂದರು. "ನೀನು ಕನ್ನಡಕ ಹಾಕಿಕೊಂಡಿದ್ದೀಯಲ್ಲ, ಅವನಿಗೆ ಯಾಕೆ ಕೊಟ್ಟಿಲ್ಲ?" ಅಂತ ಒಬ್ಬಳನ್ನು ಕೇಳಿದೆ. ಅವಳು ಯೋಚನೆ ಮಾಡಿ "ಅವನಿಗೆ ಬೇಡ" ಅಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಗಣಿತ ಮೇಷ್ಟ್ರು · ಆಗಸ್ಟ್ 20

ತುಂಬ ದಿನ ಆಯಿತು. ಬಿಆರ್‌ಸಿಯಿಂದ ಸಂಪನ್ಮೂಲ ಶಿಕ್ಷಕರು ಬಂದು ಹೋದರು, ಈಗ ವಾರಕ್ಕೊಮ್ಮೆ ಬರುತ್ತಾರೆ. ಬ್ರೈಲ್ ಪುಸ್ತಕ ಅರ್ಧ ಬಂದಿವೆ. ಸೆಪ್ಟೆಂಬರ್‌ನಲ್ಲಿ ಮಧ್ಯವಾರ್ಷಿಕ ಪರೀಕ್ಷೆ. ಅವಳಿಗೆ ಬರೆಯುವವರು ಯಾರು, ಎಷ್ಟು ಹೊತ್ತು ಅಂತ ತಿಳಿಸುತ್ತೀರಾ? ಪ್ರಶ್ನೆಪತ್ರಿಕೆಯನ್ನು ಫೋನಿನಲ್ಲಿ ಕೇಳಿಸಿಕೊಂಡು ಅಭ್ಯಾಸ ಮಾಡಲಿ ಅಂತ ಹಳೆಯವುಗಳ ಪಿಡಿಎಫ್ ಕೊಟ್ಟೆ. ಏನೇನೋ ಓದುತ್ತದೆ ಸರ್ ಅಂದಳು. ಅದಕ್ಕೂ ಏನಾದರೂ ದಾರಿ ಇದೆಯಾ?

ಸಂಪನ್ಮೂಲ ಶಿಕ್ಷಕಿ, ಹಾಸನ · ಆಗಸ್ಟ್ 20

ಕೇಂದ್ರದ ಮಾರ್ಗಸೂಚಿ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ. 3 ಗಂಟೆಯ ಪರೀಕ್ಷೆಗೆ 1 ಗಂಟೆ. ಅದು ಬೋರ್ಡ್ ಪರೀಕ್ಷೆಗೆ ಮಾತ್ರ ಅಂತ ಬಿಡಬೇಡಿ, ಶಾಲೆಯ ಪರೀಕ್ಷೆಯಲ್ಲೂ ಕೊಟ್ಟು ರೂಢಿ ಮಾಡಿಸಿ. ಬರೆಯುವವರು ಸಾಮಾನ್ಯವಾಗಿ ಕೆಳಗಿನ ತರಗತಿಯವರು. ಪರೀಕ್ಷೆಗೆ ಮುಂಚೆ ಇಬ್ಬರೂ ಕೂತು ಅಭ್ಯಾಸ ಮಾಡಬೇಕು. ಎರಡು ದಿನ ಮುಂಚೆ ಭೇಟಿಗೆ ಅವಕಾಶ ಕೊಡಬೇಕು ಅಂತ 2018ರ ಮಾರ್ಗಸೂಚಿಯಲ್ಲೇ ಇತ್ತು. ಹೇಳುವುದೂ ಒಂದು ವಿದ್ಯೆ. ಎಲ್ಲಿ ಅಲ್ಪವಿರಾಮ, ಎಲ್ಲಿ ಹೊಸ ಸಾಲು ಅಂತ ಅವಳು ಹೇಳಿ ರೂಢಿಯಾಗಬೇಕು. ಹೇಳಿದ್ದನ್ನಷ್ಟೇ ಬರೆಯಬೇಕು ಅಂತ ಬರೆಯುವವರಿಗೂ ತಿಳಿಸಿ. ಅವಳೂ ಇವರೂ ಕೂರುವುದಕ್ಕೆ ಬೇರೆ ಕೋಣೆ ಬೇಕು, ಇಲ್ಲದಿದ್ದರೆ ಅಕ್ಕಪಕ್ಕದವರಿಗೆ ಕೇಳಿಸುತ್ತದೆ ಅಂತ ಪಿಸುಗುಟ್ಟುತ್ತಾ ಸಮಯ ಕಳೆಯುತ್ತದೆ.

ಮೂರನೇ ತರಗತಿ ಟೀಚರ್ ಅವರಿಗೂ ಇದನ್ನು ಹೇಳಬೇಕಿತ್ತು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಗೆ ಬರೆಯುವವರನ್ನು ಕೊಡಲು ಆಗುವುದಿಲ್ಲ ಅಂದಿದ್ದರು. ಶೇಕಡಾ 40ರ ಗೆರೆ ದಾಟಿಲ್ಲ ಅಂತ ಸಹಾಯ ನಿರಾಕರಿಸುವಂತಿಲ್ಲ ಅಂತ ಕೋರ್ಟ್ ಹೇಳಿತು.

ಎಂಎ ಓದುತ್ತಿರುವವಳು · ಆಗಸ್ಟ್ 21

ಸರ್, ನನಗೂ ಕಣ್ಣು ಕಾಣುವುದಿಲ್ಲ, ಕನ್ನಡ ಎಂಎ ಮಾಡುತ್ತಿದ್ದೇನೆ. ಪಿಡಿಎಫ್ ಸಮಸ್ಯೆ ಏನು ಅಂತ ನಾನು ಹೇಳುತ್ತೇನೆ. ಆ ಕಡತ ಹಳೆಯ ನುಡಿ ಫಾಂಟಿನಲ್ಲಿ ಇರುತ್ತದೆ. ನಿಮ್ಮ ಕಣ್ಣಿಗೆ ಕನ್ನಡ. ಆದರೆ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಅವುಗಳ ಮೇಲೆ ಕನ್ನಡದ ರೂಪ ಕೂರಿಸಿದ್ದಾರೆ ಅಷ್ಟೇ. ಫೋನಿಗೆ ರೂಪ ಕಾಣುವುದಿಲ್ಲ, ಒಳಗಿರುವುದನ್ನು ಓದುತ್ತದೆ. ಪಂಪನ ಮೇಲಿನ ಒಂದು ಒಳ್ಳೆಯ ಲೇಖನ ನನಗೆ ಹಾಗೆ ಬಂದಿತ್ತು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಒಂದು ಕನ್ನಡ ಪದ ಕೇಳಿಸಲಿಲ್ಲ. ಗೆಳತಿ ಮೂರು ಸಂಜೆ ಕೂತು ಓದಿ ಹೇಳಿದಳು.

ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಒಳಗೂ ಕನ್ನಡ ಅಕ್ಷರವೇ ಇರುತ್ತದೆ, ಈ ತೊಂದರೆ ಇಲ್ಲ. ಹಳೆಯ ಕಡತ ಇದ್ದರೆ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳಿವೆ. ಸ್ಕ್ಯಾನ್ ಮಾಡಿದ ಹಾಳೆ ಅಂದರೆ ಅದು ಬರೀ ಚಿತ್ರ, ಹಾಗೇ ಕೊಟ್ಟರೆ ಓದುವುದೇ ಇಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಪರದೆಯ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಇರುತ್ತದೆ. ಕಂಪ್ಯೂಟರಿಗೆ ಅದೇ ಕೆಲಸ ಮಾಡುವ ಎನ್‌ವಿಡಿಎ ಹಾಕಿ, ಪೂರ್ತಿ ಉಚಿತ, ಕನ್ನಡ ಓದುತ್ತದೆ. ಅದನ್ನು ಶುರು ಮಾಡಿದವರು ಆಸ್ಟ್ರೇಲಿಯಾದ ಇಬ್ಬರು ಕಣ್ಣು ಕಾಣದ ಯುವಕರು, 2006ರಲ್ಲಿ.

ಕನ್ನಡದಲ್ಲಿ ಟೈಪ್ ಮಾಡುವ ಎಲ್ಲರಿಗೂ, ಶಿಕ್ಷಕರಿಗೂ ಕಚೇರಿಯವರಿಗೂ, ಇದು ನನ್ನ ಬೇಡಿಕೆ. ಯೂನಿಕೋಡ್ ಬಳಸಿ. ಖರ್ಚಿಲ್ಲ. ನನಗೆ ನನ್ನ ಭಾಷೆ ಕೇಳಿಸುತ್ತದೆ.

ಗಣಿತ ಮೇಷ್ಟ್ರು · ಅಕ್ಟೋಬರ್ 9

ದಸರಾ ರಜೆ ಮುಗಿಯುವ ಮುಂಚೆ ನಿಮಗೆಲ್ಲ ವಿಷಯ ತಿಳಿಸಬೇಕು ಅನ್ನಿಸಿತು.

ಪರೀಕ್ಷೆ ಆಯಿತು. ಏಳನೇ ತರಗತಿಯ ಹುಡುಗಿ ಬರೆದುಕೊಟ್ಟಳು. ಗಣಿತದಲ್ಲಿ ಇವಳು ಕ್ಲಾಸಿಗೆ ಮೂರನೆಯವಳು. ಎರಡು ಅಂಕ ನನ್ನಿಂದ ಹೋಯಿತು. ಪ್ರಶ್ನೆಯಲ್ಲಿ ಚಿತ್ರ ಕೊಟ್ಟು ವಿವರ ಕೊಡುವುದು ಮರೆತಿದ್ದೆ. ಅವಳು ಬಂದು ಕೇಳಿದಳು. ಬೇರೆ ಪ್ರಶ್ನೆ ಕೊಟ್ಟು ಬಿಡಿಸಿಕೊಂಡು ಆ ಅಂಕ ಸೇರಿಸಿದೆ. ಕೃಪಾಂಕ ಕೊಡುತ್ತೇನೆ ಅಂದಿದ್ದರೆ ಅವಳು ಒಪ್ಪುತ್ತಿರಲಿಲ್ಲ ಅಂತ ಈಗ ನನಗೆ ಗೊತ್ತು.

ಬಿಸಿಯೂಟದ ಮೊಟ್ಟೆ ಬರುವ ಟ್ರೇ ಇದೆಯಲ್ಲ, ಅದನ್ನು ಆರಾರು ಗುಳಿಯ ತುಂಡು ಮಾಡಿದೆವು. ಒಂದು ಟ್ರೇಗೆ ಐದು ತುಂಡು. ಬ್ರೈಲ್‌ಗೂ ಆರೇ ಚುಕ್ಕಿ. ಎಡಗಡೆ ಮೇಲಿನಿಂದ ಒಂದು, ಎರಡು, ಮೂರು. ಬಲಗಡೆ ನಾಲ್ಕು, ಐದು, ಆರು. ಒಂದನೇ ಗುಳಿಗೆ ಕಾಗದದ ಉಂಡೆ ಹಾಕಿದರೆ "ಅ". ಒಂದು ಮತ್ತು ಮೂರಕ್ಕೆ ಹಾಕಿದರೆ "ಕ". ಪಾಠ ಮಾಡಿದವಳು ಅವಳೇ. ಒಂದು ಮಧ್ಯಾಹ್ನಕ್ಕೆ ಹನ್ನೆರಡು ಮಕ್ಕಳು ತಮ್ಮ ಹೆಸರು ಬರೆದರು. ಒಬ್ಬ ಹುಡುಗ ಈಗ ಅವಳಿಗೆ ಬ್ರೈಲ್‌ನಲ್ಲಿ ಚೀಟಿ ಬರೆಯುತ್ತಾನೆ. ಕಾಗುಣಿತದ ತಪ್ಪು ತಿದ್ದಿ ವಾಪಸ್ ಕೊಡುತ್ತಾಳೆ.

ಗೆಜ್ಜೆಯ ಚೆಂಡು ಕೂಡ ಆಗಿದೆ. ದೈಹಿಕ ಶಿಕ್ಷಣದ ಸರ್ ಮೊದಲು ಹೆದರಿದ್ದರು, ಈಗ ಅವರೇ ಮುಂದೆ ನಿಂತು ಆಡಿಸುತ್ತಾರೆ. ಒಂದು ಸಲ ಬಿದ್ದು ಮೊಣಕಾಲು ತರಚಿಕೊಂಡಳು. ಅದೇ ದಿನ ಇನ್ನೂ ಮೂವರು ತರಚಿಕೊಂಡಿದ್ದರು.

ಸಮಾಜ ವಿಜ್ಞಾನಕ್ಕೆ ಕರ್ನಾಟಕದ ನಕ್ಷೆ ಮಾಡಿದೆವು. ರಟ್ಟಿನ ಮೇಲೆ ಗೋಂದು ಹಚ್ಚಿ ದಾರ ಅಂಟಿಸಿ, ಎರಡು ಸಂಜೆ ಕೂತು ಅಂದವಾಗಿ ಮಾಡಿದ್ದೆವು. ಅವಳು ಬೆರಳಾಡಿಸಿ ನೋಡಿ, "ಸರ್, ಗಡಿಗೂ ಇದೇ ದಾರ, ಕಾವೇರಿಗೂ ಇದೇ ದಾರ. ನಾನು ನದಿ ಹಿಡಿದುಕೊಂಡು ಹೋದರೆ ತಮಿಳುನಾಡಿನ ಗಡಿ ಸುತ್ತುತ್ತಾ ಇದ್ದೀನಿ" ಅಂದಳು. ಬಿಚ್ಚಿ ಮತ್ತೆ ಮಾಡಿದೆವು. ಈ ಸಲ ಶುರು ಮಾಡುವ ಮುಂಚೆಯೇ ಅವಳನ್ನು ಕರೆದು ಕೂರಿಸಿಕೊಂಡೆವು. ಗಡಿಗೆ ಸುತಲಿ ಹಗ್ಗ, ನದಿಗೆ ಹೊಲಿಗೆ ದಾರ, ಪಶ್ಚಿಮ ಘಟ್ಟಕ್ಕೆ ಹುಣಸೆ ಬೀಜ.

ಚಿನ್ನಿಯ ಅಮ್ಮ · ಅಕ್ಟೋಬರ್ 9

ಮೇಷ್ಟ್ರೇ, ಮಗಳಿಗೆ ಓದಿ ಹೇಳಿದೆ. ತುಂಬ ಖುಷಿ ಪಟ್ಟಳು. ಅವಳದೊಂದು ಪ್ರಶ್ನೆ ಇದೆ. ಸಮುದ್ರಕ್ಕೆ ಏನು ಹಾಕಿದಿರಿ?

ಗಣಿತ ಮೇಷ್ಟ್ರು · ಅಕ್ಟೋಬರ್ 10

ಮರಳು ಕಾಗದ ಹಾಕೋಣ ಅಂದಿದ್ದೆ. ಬೆರಳು ಉರಿಯುತ್ತೆ ಬೇಡ ಅಂದಳು. ಮಾರನೇ ದಿನ ಮನೆಯಿಂದ ಅಜ್ಜಿಯ ಹಳೆಯ ರೇಷ್ಮೆ ಸೀರೆಯ ತುಂಡು ತಂದಳು. ಕಾರವಾರದಿಂದ ಮಂಗಳೂರಿನವರೆಗೆ ಅದೇ ಇದೆ.